ಕೊಲ್ಲಿಗಿಟ್ಟ ಕೊಳ್ಳಿ

ನಮ್ಮ ದ್ವೀಪದ ಉದ್ದ ಹತ್ತೊಂಬತ್ತು ಮೈಲಿ, ಅಗಲ ಹೆಚ್ಚೆಂದರೆ ಏಳು. ನಟ್ಟನಡುವೆ ಆರಿಹೋದ ಬೆಂಕಿಬೆಟ್ಟ, ಅದರ ಬಾಯಲ್ಲೊಂದು ಕೆರೆ. ಪೂರ್ವಕ್ಕೆ ಹವಳದ ದಿಬ್ಬ, ಪಶ್ಚಿಮಕ್ಕೆ ಉಪ್ಪುನೀರಲ್ಲೇ ಬೇರುಬಿಟ್ಟು ನಿಂತ ಕಾಂಡ್ಲಾ ಕಾಡು. ಹಣ್ಣು ತಿನ್ನುವ ಬಾವಲಿ ಮೂರು ಬಗೆ, ತೆಂಗಿನಮರ ಹತ್ತುವ ಏಡಿ ಒಂದು ಬಗೆ, ವಿಷದ ಹಾವು ಒಂದೂ ಇಲ್ಲ. ಸಕ್ಕರೆ ಕಂಪನಿಯವರು ಬಂದು ಅರ್ಧ ಕಾಡು ಕಡಿದು, ಮೂವತ್ತು ವರ್ಷ ಕಬ್ಬು ಬೆಳೆದು, ಬಾಗಿಲು ಹಾಕಿಕೊಂಡು ಹೋದರು; ಅವರ ಗಾಣದ ಕಲ್ಲುಗಳು ಈಗಲೂ ಬಂದರಿನ ದಾರಿಯಲ್ಲಿ ಬಿದ್ದಿವೆ. ದೀಪಸ್ತಂಭಕ್ಕೆ ನೂರ ಅರವತ್ತೆಂಟು ಮೆಟ್ಟಿಲು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದನ್ನೆಲ್ಲ ಪಟಪಟನೆ ಒಪ್ಪಿಸುತ್ತೇನೆ, ಯಾಕೆಂದರೆ ಬರೆದವನು ನಾನೇ. 'ದ್ವೀಪ ಕೈಪಿಡಿ', ಇನ್ನೂರ ಹನ್ನೆರಡು ಪುಟ, ಈವರೆಗೆ ಆರು ಮುದ್ರಣ. ಸರ್ಕಾರಿ ಕಚೇರಿಗಳಿಂದ ಹಿಡಿದು ಹಡಗಿನ ಕಪ್ತಾನರವರೆಗೆ ಎಲ್ಲರೂ ಅದನ್ನೇ ನಂಬುತ್ತಾರೆ. ಅದರ ನಲವತ್ತೊಂದನೆಯ ಪುಟದಲ್ಲಿ ಒಂದು ಸಾಲು ಸುಳ್ಳು. ಕೈತಪ್ಪಿ ಬಂದದ್ದಲ್ಲ, ಬೇಕೆಂದೇ ಬರೆದದ್ದು.

'ಉತ್ತರ ಕೊಲ್ಲಿ: ಜನವಸತಿ ಇಲ್ಲ.' ಇಷ್ಟೇ ಆ ಸಾಲು. ನಾನು ಅದನ್ನು ಬರೆದಾಗ ಆ ಕೊಲ್ಲಿಯಲ್ಲಿ ಹನ್ನೊಂದು ಮನೆಗಳಿದ್ದವು. ಅದರಲ್ಲೊಂದು ನನ್ನ ಸ್ವಂತ ಅಕ್ಕನ ಮನೆ.

ಇವನೆಂಥ ಮನುಷ್ಯ ಎಂದು ನಿಮಗೆ ಅನಿಸಿದರೆ ಅನಿಸಲಿ. ನನಗೂ ನಲವತ್ತೆರಡು ವರ್ಷದಿಂದ ಹಾಗೇ ಅನಿಸುತ್ತಿದೆ, ಹೊರಗೆ ತೋರಿಸಿಕೊಂಡಿಲ್ಲ ಅಷ್ಟೆ. ಈ ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಸಿಡುಕುವವನ ಹತ್ತಿರ ಕೂತು ಯಾರೂ ಹಳೇ ವಿಷಯ ಕೆದಕುವುದಿಲ್ಲ. ನನಗೆ ಅದು ಅನುಕೂಲವೇ ಆಗಿತ್ತು.

ಹೋದ ಸೋಮವಾರ ಬೆಳಿಗ್ಗೆ ಅಕ್ಕನ ಮಗಳು ಮನೆಗೆ ಬಂದಳು. ಬಂದರಿನ ಆಸ್ಪತ್ರೆಯಲ್ಲಿ ನರ್ಸ್. ಸಣ್ಣವಳಿದ್ದಾಗಿನಿಂದಲೂ ನನ್ನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೇ. ಎದುರಿಗೆ ಸಿಕ್ಕರೆ 'ಚೆನ್ನಾಗಿದ್ದೀರಾ ಮಾವ' ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಸರಿದುಬಿಡುವವಳು. ಸೊಕ್ಕು ಎಂದುಕೊಂಡಿದ್ದೆ. ನಾನು ಬಾಗಿಲ ಹತ್ತಿರ ಕೂತು ದಿನಪತ್ರಿಕೆಯ ಕಾಗುಣಿತದ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ. ನಿವೃತ್ತನಾದ ಮೇಲೆ ನನಗೆ ಉಳಿದಿರುವ ಕೆಲಸ ಅದೊಂದೇ. ಕುರ್ಚಿ ತೋರಿಸಿದೆ, ಅವಳು ಕೂರಲಿಲ್ಲ.

ನಿಂತುಕೊಂಡೇ ವಿಷಯ ಹೇಳಿದಳು. ಉತ್ತರ ಕೊಲ್ಲಿಯನ್ನು ಕಡಲಾಮೆಗಳ ರಕ್ಷಿತ ತಾಣವೆಂದು ಸರ್ಕಾರ ಘೋಷಿಸಿದ್ದು ನನ್ನ ಕೈಪಿಡಿ ಬಂದ ವರ್ಷವೇ. ಇಷ್ಟು ದಿನ ಅದು ಕಡತದಲ್ಲಿ ಮಲಗಿತ್ತು, ಈಗ ಯಾರೋ ಕಡತದ ಧೂಳು ಕೊಡವಿದ್ದಾರೆ. ಘೋಷಣೆಗೆ ಮುಂಚೆ ಅಲ್ಲಿದ್ದವರ ಕುಟುಂಬಗಳಿಗೆ ತೊಂದರೆಯಿಲ್ಲವಂತೆ. ಆಮೇಲೆ ಬಂದವರು ಒತ್ತುವರಿ ಮಾಡಿದವರಂತೆ, ಎರಡು ತಿಂಗಳಲ್ಲಿ ಜಾಗ ಖಾಲಿ ಮಾಡಬೇಕಂತೆ. ಆಗಿನ ಹನ್ನೊಂದು ಮನೆ ಈಗ ಮೂವತ್ತನಾಲ್ಕಾಗಿದೆ. ಮುಂಚೆ ಇದ್ದೆವು ಎನ್ನುವುದಕ್ಕೆ ಕಾಗದ ಕೇಳಿದರೆ ಯಾರ ಹತ್ತಿರವೂ ಇಲ್ಲ. ಕೊಲ್ಲಿಗೆ ರಸ್ತೆಯಿರಲಿಲ್ಲ, ಅಂಚೆಯವನು ಬರುತ್ತಿರಲಿಲ್ಲ, ಪಡಿತರ ಚೀಟಿಯಿಂದ ಹಿಡಿದು ಎಲ್ಲವೂ ಬಂದರಿನ ಮೀನು ಮಂಡಿಯ ವಿಳಾಸದಲ್ಲಿದ್ದವು. ಆ ವರ್ಷ ಆ ದಡವನ್ನು ಕಣ್ಣಾರೆ ನೋಡಿ ಬರೆದ ದಾಖಲೆ ಒಂದೇ ಒಂದು. ವಿಚಾರಣೆ ಗುರುವಾರ.

"ಅಮ್ಮ ಪುಸ್ತಕ ತರ್ತಾಳೆ ಮಾವ," ಎಂದಳು. "ನನ್ನ ತಮ್ಮ ನಮ್ಮ ಬಗ್ಗೆ ಬರ್ದಿದ್ದಾನೆ, ಇನ್ನೇನು ಬೇಕು ಅಂತ ಎಲ್ಲರಿಗೂ ಧೈರ್ಯ ಹೇಳ್ಕೊಂಡು ಓಡಾಡ್ತಿದ್ದಾಳೆ."

ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು.

"ಹತ್ತು ವರ್ಷದವಳಿದ್ದಾಗ ಅಮ್ಮ ಮನೇಲಿಲ್ಲದಾಗ ಅವಳ ಪೆಟ್ಟಿಗೆ ತೆಗೆದು ನಿಮ್ಮ ಪುಸ್ತಕ ಓದ್ದೆ," ಎಂದಳು. "ಅವಳು ಬಾಯಿಪಾಠ ಮಾಡಿರೋದೇ ಬೇರೆ, ಪುಸ್ತಕದಲ್ಲಿರೋದೇ ಬೇರೆ. ಹೇಳೋಕೆ ನನಗೆ ಬಾಯಿ ಬರ್ಲಿಲ್ಲ, ಈಗ್ಲೂ ಬರ್ತಿಲ್ಲ. ಅವಳು ಆ ಪುಸ್ತಕ ಸುತ್ತಿಟ್ಟಿರೋ ಬಟ್ಟೆಗಂಟು ಬಿಚ್ಚೋದಕ್ಕೆ ಮುಂಚೆ ನೀವೇ ಅಧಿಕಾರಿ ಹತ್ರ ಹೇಳ್ಬಿಡಿ. ಅಷ್ಟು ಮಾಡಿ, ಸಾಕು."

ಆಗಲಿ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮೂವತ್ತನಾಲ್ಕು ವರ್ಷ ಅವಳು ನನ್ನ ಮುಖ ನೋಡದೆ ಇದ್ದದ್ದಕ್ಕೆ ಕಾರಣ ಸೊಕ್ಕಲ್ಲ ಎಂದು ಅವತ್ತು ತಿಳಿಯಿತು.

ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಶಾಲೆಗೆ ಕಳಿಸುವ ಗಡಿಬಿಡಿಯಲ್ಲಿ ತಾನು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಉತ್ತರ ಕೊಲ್ಲಿಯಲ್ಲಿ ದೋಣಿ ಕಟ್ಟುವವರೊಬ್ಬರನ್ನು ಮದುವೆಯಾಗಿ ಅಲ್ಲಿಗೆ ಹೋದಳು. ಭಾವ ಮಾತು ಕಡಿಮೆಯ ಗಟ್ಟಿ ಮನುಷ್ಯ, ಆಡಿದ ಒಂದೆರಡು ಮಾತು ಮಾತ್ರ ಚುರುಕ್ಕೆನ್ನುವಂಥವು. ದೋಣಿಯಲ್ಲಿ ಕೂತರೆ ನನಗೆ ವಾಂತಿಯಾಗುತ್ತಿತ್ತು, ಅದಕ್ಕೆ ನನಗೆ 'ಕಾಗದದ ನಾವಿಕ' ಎಂದು ಹೆಸರಿಟ್ಟಿದ್ದರು. ಕೊಲ್ಲಿಯ ಚಿಳ್ಳೆಪಿಳ್ಳೆಗಳೆಲ್ಲ ಹಾಗೇ ಕರೆಯುತ್ತಿದ್ದವು.

ಶಾಲೆಯ ರಜೆಗಳನ್ನೆಲ್ಲ ನಾನು ಕಳೆದದ್ದು ಆ ಮನೆಯಲ್ಲೇ. ಕಡಲಾಮೆಗಳು ಬಂದು ಮೊಟ್ಟೆಯಿಟ್ಟು ಹೋದ ಮೇಲೆ ಮರಿಗಳು ಮರಳಿನಿಂದ ಹೊರಬರುವ ಎರಡು ತಿಂಗಳು ಕೊಲ್ಲಿಯವರು ದೀಪ ಹಚ್ಚುತ್ತಿರಲಿಲ್ಲ. ಮರಿ ನೀರಿನ ಹೊಳಪನ್ನು ನೋಡಿಕೊಂಡು ಕಡಲಿಗೆ ಹೋಗುತ್ತದೆ. ದಡದ ಕಡೆ ಬೆಂಕಿ ಕಂಡರೆ ಇತ್ತ ತಿರುಗಿ ಏಡಿಗಳ ಬಾಯಿಗೆ ಬೀಳುತ್ತದೆ. ಆದ್ದರಿಂದ ಒಲೆ ಹೊತ್ತುತ್ತಿದ್ದದ್ದು ನಡುಹಗಲಲ್ಲಿ ಒಂದೇ ಸಲ, ಸಂಜೆಯೊಳಗೆ ಕೆಂಡಕ್ಕೆ ನೀರು. ಬೆಳಿಗ್ಗೆ ಎದ್ದರೆ ತಂಗಳು. ನಾನು ಗೊಣಗಿದರೆ ಅಕ್ಕ, ನಿನಗಿಂತ ಆ ಮರಿಗಳೇ ವಾಸಿ ಪುಟ್ಟಾ, ಹುಟ್ಟಿದ ದಿನವೇ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ ಎಂದು ರೇಗಿಸುತ್ತಿದ್ದಳು.

ಇಪ್ಪತ್ತಾರನೆಯ ವಯಸ್ಸಿಗೆ ನಾನು ಸರ್ವೆ ಕಚೇರಿಯಲ್ಲಿ ನಕ್ಷೆಗಾರನಾದೆ. ಆಗಿನ ಸಾಹೇಬರಿಗೆ ದ್ವೀಪದ ಮೇಲೊಂದು ಕೈಪಿಡಿ ತರುವ ಹುಚ್ಚು ಹಿಡಿಯಿತು, ಬರವಣಿಗೆ ನನ್ನ ತಲೆಗೆ ಬಂತು. ಊರೂರಿಗೆ ಇಳಿದು ತಲೆ ಎಣಿಸುವಷ್ಟು ಜನ ನಮ್ಮಲ್ಲಿರಲಿಲ್ಲ. ಅದಕ್ಕೊಂದು ಉಪಾಯ ಮಾಡಿದೆವು, ಹೊಗೆ ಎಣಿಕೆ. ಬೆಳಗಾಗುತ್ತಿದ್ದ ಹಾಗೆ ದಡದಿಂದ ಅರ್ಧ ಮೈಲಿ ದೂರದಲ್ಲಿ ದೋಣಿ ನಿಲ್ಲಿಸಿ, ಮರಗಳ ಮೇಲೆ ಎಷ್ಟು ಕಡೆ ಹೊಗೆ ಏಳುತ್ತದೆಂದು ಎಣಿಸುವುದು. ಒಂದು ಹೊಗೆಗೆ ಒಂದು ಒಲೆ, ಒಂದು ಒಲೆಗೆ ಒಂದು ಮನೆ. ನಿಯಮ ಎರಡೇ ಸಾಲಿನದು, ಬರೆದವನೂ ನಾನೇ: 'ಕಂಡ ಹೊಗೆಯನ್ನಷ್ಟೇ ಬರೆಯತಕ್ಕದ್ದು. ಹೊಗೆ ಕಾಣದ ಕಡೆ ದಡಕ್ಕಿಳಿದು ನೋಡತಕ್ಕದ್ದು.'

ಕೆಲಸ ಶುರುವಾದ ಹೊಸದರಲ್ಲಿ ನಾನು ಸಾಹೇಬರ ಮುಂದೆ ಜಂಬ ಕೊಚ್ಚಿಕೊಂಡೆ. ಆಮೆ ನೋಡಬೇಕೇ, ನಮ್ಮ ಅಕ್ಕನ ಮನೆಯ ಅಂಗಳಕ್ಕೇ ಬರುತ್ತವೆ, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಒಂದು ಸಂಜೆ ಹೋದೆವು, ಸಾಹೇಬರು ಫೋಟೊ ತೆಗೆಯಲೆಂದು ದೊಡ್ಡ ಗ್ಯಾಸ್‌ಲೈಟು ಹೊತ್ತಿಸಿ ಹಿಡಿದುಕೊಂಡಿದ್ದರು. ದೋಣಿ ಮರಳಿಗೆ ತಾಗುವ ಮೊದಲೇ ಭಾವ ಮೊಣಕಾಲುದ್ದ ನೀರಿಗೆ ಇಳಿದು ಬಂದು ಅಡ್ಡ ನಿಂತರು. ದೀಪ ಆರಿಸಿ ಬನ್ನಿ ಎಂದರು. ಇವರು ಯಾರು ಗೊತ್ತಾ ಭಾವ ಎಂದು ನಾನು ದೊಡ್ಡದಾಗಿ ಕೇಳಿದೆ.

"ಯಾರಾದ್ರೇನು, ಮರಿಗಳಿಗೆ ಗೊತ್ತಾಗಲ್ಲ," ಎಂದರು ಭಾವ. "ದೀಪ ಆರಿಸಿ, ಇಲ್ಲಾಂದ್ರೆ ದೋಣಿ ತಿರುಗಿಸಿ."

ಸಾಹೇಬರು ದೋಣಿ ತಿರುಗಿಸಲು ಹೇಳಿದರು. ದಾರಿಯುದ್ದಕ್ಕೂ ನಕ್ಕರು. ಅಕ್ಕನ ಮನೆ ಹೊಸಿಲು ದಾಟಲಾರದವನು ದ್ವೀಪಕ್ಕೆಲ್ಲ ಕೈಪಿಡಿ ಬರೀತಾನಂತೆ ಎಂದು ಮಾರನೆಯ ದಿನ ಕಚೇರಿಯಲ್ಲೂ ಹೇಳಿ ನಗಿಸಿದರು. ನನ್ನನ್ನು ಉರಿಸಿದ್ದು ಅದೂ ಅಲ್ಲ. ಭಾವನ ಹಿಂದೆ, ಮರಳಿನ ಮೇಲೆ, ಅಕ್ಕ ನಿಂತಿದ್ದಳು. ನನ್ನ ಪರವಾಗಿ ಒಂದೇ ಒಂದು ಮಾತು ಆಡಲಿಲ್ಲ.

ಮೂರು ವಾರದ ಮೇಲೆ ಉತ್ತರ ದಡದ ಎಣಿಕೆಗೆ ಹೋದೆ. ಬೆಳಗಾಗುತ್ತಿತ್ತು. ಒಂದೂ ಹೊಗೆಯಿಲ್ಲ. ಯಾಕಿಲ್ಲವೆಂದು ಆ ದೋಣಿಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಹೊಗೆ ಇಲ್ಲದಿದ್ದರೇನು, ಮಿಕ್ಕಿದ್ದೆಲ್ಲ ಕಾಣುತ್ತಿತ್ತು. ಬೋರಲು ಹಾಕಿದ ದೋಣಿಗಳು, ಕಂಬಕ್ಕೆ ಬಿಗಿದ ಬಲೆ, ಹಗ್ಗದ ಮೇಲೆ ಒಣಗಲು ಹಾಕಿದ ನೀಲಿ ಹೊದಿಕೆ. ಆ ಹೊದಿಕೆ ನನ್ನದು, ರಜೆಗೆ ಹೋದಾಗ ನಾನು ಹೊದೆಯುತ್ತಿದ್ದದ್ದು. ಇಳಿಯಬೇಕಲ್ಲವೇ, ಹೊಗೆ ಕಾಣದ ಕಡೆ ಇಳಿಯಬೇಕು ಅಂದಿದ್ದಿರಲ್ಲ ಎಂದು ದೋಣಿಯವನು ನೆನಪಿಸಿದ. ಕಾಣಿಸ್ತಿಲ್ವಲ್ಲ, ನಡಿ ಎಂದೆ. ಅವನು ಒಂದು ಸಲ ದಡವನ್ನು ನೋಡಿ, ಒಂದು ಸಲ ನನ್ನನ್ನು ನೋಡಿ, ಹುಟ್ಟು ಹಾಕಿದ. ನಾನು ನನ್ನ ನಿಯಮದ ಮೊದಲ ಸಾಲು ಹಿಡಿದುಕೊಂಡು, ಎರಡನೆಯದನ್ನು ನುಂಗಿ, ಎಣಿಕೆಯ ಪುಸ್ತಕದಲ್ಲಿ ಬರೆದೆ: ಜನವಸತಿ ಇಲ್ಲ.

ಪ್ರೂಫು ಬಂದಾಗ ಹೊಡೆದುಹಾಕಿದರಾಯಿತು ಎಂದುಕೊಂಡಿದ್ದೆ. ಒಂದೆರಡು ದಿನ ಭಾವ ಈ ಭೂಮಿಯ ಮೇಲಿಲ್ಲ ಎಂದುಕೊಳ್ಳುವ ಸುಖ ಸಾಕಾಗಿತ್ತು. ಪ್ರೂಫು ಬಂತು. ಅಚ್ಚು ಜೋಡಿಸುವವನು 'ಉತ್ತರ ಕೊಳ್ಳಿ' ಎಂದು ಜೋಡಿಸಿದ್ದ. ನಾನು ನಕ್ಕು, ಕೆಂಪು ಶಾಯಿಯಲ್ಲಿ ಳ ಒತ್ತನ್ನು ಹೊಡೆದು ಲ ಒತ್ತು ಹಾಕಿದೆ. ಅದೇ ಸಾಲಿನಲ್ಲಿ ಎರಡು ಅಂಗುಲ ಬಲಕ್ಕೆ ಇದ್ದದ್ದನ್ನು ಹಾಗೇ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಿದರೆ, ಇನ್ನೂ ಸಿಟ್ಟಿತ್ತು, ಅಷ್ಟೆ. ಆ ಅಚ್ಚು ಜೋಡಿಸುವವನು ತಪ್ಪು ಮಾಡಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಅಕ್ಕನ ಮನೆಗೆ ನಾನು ಇಟ್ಟದ್ದು ಕೊಳ್ಳಿಯೇ.

ಪುಸ್ತಕ ಅಚ್ಚಾದ ಎರಡು ತಿಂಗಳಿಗೆ, ಜನರಿಲ್ಲದ ದಡ, ಆಮೆಗಳೂ ಬೇಕಾದಷ್ಟಿವೆ ಎಂದು ಸಾಹೇಬರೇ ಶಿಫಾರಸು ಬರೆದು ಆ ಕೊಲ್ಲಿಯನ್ನು ರಕ್ಷಿತ ತಾಣ ಮಾಡಿಸಿದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಅಕ್ಕ ನನ್ನ ಬಾಡಿಗೆ ಕೋಣೆಗೆ ಬಂದಳು. ಭಾವನ ಜೊತೆಗಿನ ಜಗಳವನ್ನು ಮರೆತೇಬಿಟ್ಟಿದ್ದಳು, ಅಥವಾ ಅದು ಜಗಳವೆಂದು ಅವಳಿಗೆ ಅನಿಸಿಯೇ ಇರಲಿಲ್ಲ. ನೀನು ಪುಸ್ತಕ ಬರೆದಿದ್ದೀಯಂತೆ, ಬಂದರಿನಲ್ಲೆಲ್ಲ ಅದೇ ಮಾತು ಎಂದಳು. ಮೇಜಿನ ಮೇಲಿದ್ದ ಪ್ರತಿಯನ್ನು ತೆಗೆದು ಸೆರಗಿನಿಂದ ಒರೆಸಿದಳು. ಒಲೆಯ ಪಕ್ಕ ಮಣೆ ಎಳೆದುಕೊಂಡು ಕೂತು, ನಮ್ಮ ಕೊಲ್ಲಿ ಬಗ್ಗೆ ಏನು ಬರೆದಿದ್ದೀಯ, ಓದು ಎಂದಳು.

ನಾನು ನಲವತ್ತೊಂದನೆಯ ಪುಟ ತೆರೆದೆ. ಆಮೇಲೆ, ಎದುರಿಗಿದ್ದ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಅಲ್ಲಿಲ್ಲದ ಮಾತುಗಳನ್ನು ಓದುತ್ತ ಹೋದೆ. ನಾಲಿಗೆ ಎಲ್ಲೂ ತಡವರಿಸಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಬರೆದಿಲ್ಲ. ಅಕ್ಕ ಮೂರು ಸಲ ಓದಿಸಿದಳು. ಮೂರನೆಯ ಸಲ ನನ್ನ ಜೊತೆಗೇ ಹೇಳಿದಳು. ಪುಸ್ತಕವನ್ನು ನನಗೇ ಕೊಡು ಎಂದು ಕೇಳಿ ತೆಗೆದುಕೊಂಡು ಹೋದಳು. ಕೊಡುವುದಿಲ್ಲ ಎನ್ನಲು ನನಗೆ ಯಾವ ಬಾಯಿತ್ತು.

ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟಳು. ಹೊರಗೆ ತೆಗೆದು ದೂರದಿಂದ ತೋರಿಸುವಳೇ ಹೊರತು ಯಾರ ಕೈಗೂ ಕೊಡುತ್ತಿರಲಿಲ್ಲವಂತೆ. ಬಾಯಿಪಾಠ ಮಾತ್ರ ಕೇಳಿದವರಿಗೆಲ್ಲ ಹೇಳುತ್ತಿದ್ದಳಂತೆ. ಭಾವ ಸಾಯುವ ಹಿಂದಿನ ವಾರ ಅವರಿಗೂ ಹೇಳಿದಳಂತೆ, ಅವರು ಪರವಾಗಿಲ್ಲ, ಕಾಗದದ ನಾವಿಕ ಎಂದರಂತೆ. ಇದನ್ನು ನನಗೆ ಅಕ್ಕನೇ ಸಂತೋಷದಿಂದ ಹೇಳಿದ್ದಳು. ಅವತ್ತು ನಾನು ಊಟ ಬಿಟ್ಟು ಎದ್ದುಹೋಗಿದ್ದೆ.

ತಿದ್ದಲು ಅವಕಾಶ ಇರಲಿಲ್ಲವೇ? ಐದು ಸಲ ಇತ್ತು. ಎರಡನೆಯ ಮುದ್ರಣದಿಂದ ಆರನೆಯವರೆಗೆ ಪರಿಷ್ಕರಣೆ ಎಲ್ಲ ನನ್ನದೇ. ಬಾವಲಿ ಎರಡು ಬಗೆ ಎಂದಿದ್ದದ್ದನ್ನು ಮೂರು ಮಾಡಿದೆ. ದೀಪಸ್ತಂಭದ ಮೆಟ್ಟಿಲು ನೂರ ಅರವತ್ತೇಳು ಎಂದಿತ್ತು, ಏದುಸಿರು ಬಿಡುತ್ತ ನಾನೇ ಹತ್ತಿ ಎಣಿಸಿ ಎಂಟು ಮಾಡಿದೆ. ನಲವತ್ತೊಂದನೆಯ ಪುಟಕ್ಕೆ ಬಂದಾಗ ಕೈ ಓಡುತ್ತಿರಲಿಲ್ಲ. ತಿದ್ದಿದರೆ ಮೊದಲು ಯಾಕೆ ಹಾಗಿತ್ತು ಎಂದು ಯಾರಾದರೂ ಕೇಳುತ್ತಾರೆ. ಮೂರನೆಯ ಮುದ್ರಣದಲ್ಲಿ ಯಾರೋ ವನ್ಯಜೀವಿ ಪಂಡಿತರು, ಜನಸಂಚಾರ ಇಲ್ಲದ್ದರಿಂದಲೇ ಇಲ್ಲಿ ಆಮೆಗಳು ಹೇರಳವಾಗಿವೆ ಎಂದು ಇನ್ನೊಂದು ಸಾಲು ಸೇರಿಸಿ ಕಳಿಸಿದರು. ಅದಕ್ಕೂ ಒಪ್ಪಿಗೆ ಹಾಕಿದೆ. ಕತ್ತಲಲ್ಲಿ ಕೂತು, ತಂಗಳು ತಿಂದು ಆ ಆಮೆಗಳನ್ನು ಉಳಿಸಿದವರ ಹೆಸರಿಗೆ ಎರಡನೆಯ ಸಲ ಮಣ್ಣು ಹಾಕಿದೆ.

ಗುರುವಾರ ಬಂತು. ವಿಚಾರಣೆ ನಮ್ಮ ಹಳೆಯ ಸರ್ವೆ ಕಚೇರಿಯ ಮಹಡಿಯಲ್ಲೇ. ಅರ್ಧ ಗಂಟೆ ಮುಂಚೆ ಹೋಗಿ ಅಧಿಕಾರಿಯನ್ನು ಒಬ್ಬರೇ ಇರುವಾಗ ಕಂಡು ಹೇಳಿಬಿಡಬೇಕೆಂದು ಹೊರಟಿದ್ದೆ, ಮುಂಚೆಯೇ ತಲುಪಿದೆ ಕೂಡ. ಆದರೆ ಕೆಳಗೆ ನೀರಿನ ಹೂಜಿಯ ಹತ್ತಿರ ಒಂದು ಲೋಟ ನೀರು ಕುಡಿದೆ. ಇನ್ನೊಂದು ಲೋಟ ಕುಡಿದೆ. ಪರಿಚಯದ ಜವಾನ ಸಿಕ್ಕ, ಅವನ ಮೊಮ್ಮಕ್ಕಳ ಯೋಗಕ್ಷೇಮವನ್ನೆಲ್ಲ ಕೇಳಿದೆ. ಅವನ ಜೊತೆ ನಾನು ಹಿಂದೆಂದೂ ನಾಲ್ಕು ಮಾತು ಆಡಿದವನಲ್ಲ. ಎರಡು ಸಲ ಶೌಚಾಲಯಕ್ಕೆ ಹೋಗಿಬಂದೆ. ಮೆಟ್ಟಿಲು ಹತ್ತಿದಾಗ ಒಳಗೆ ಬೆಂಚುಗಳೆಲ್ಲ ತುಂಬಿದ್ದವು.

ಅಧಿಕಾರಿ ನಡುವಯಸ್ಸಿನ ಹೆಂಗಸು, ನೆಗಡಿಯಾಗಿತ್ತು, ಕರವಸ್ತ್ರ ಕೈಯಿಂದ ಬಿಡುತ್ತಿರಲಿಲ್ಲ. ಅವರ ತಲೆಯ ಹಿಂದೆ ಗೋಡೆಯ ಮೇಲೆ ದ್ವೀಪದ ದೊಡ್ಡ ನಕ್ಷೆ. ಅದನ್ನೂ ಬರೆದವನು ನಾನೇ. ಉತ್ತರ ಕೊಲ್ಲಿಯಲ್ಲಿ ಮನೆಗಳ ಗುರುತಿಲ್ಲ, ಖಾಲಿ ಚೆನ್ನಾಗಿ ಕಾಣುವುದಿಲ್ಲವೆಂದು ಒಂದು ಪುಟ್ಟ ಆಮೆಯನ್ನು ಬಿಡಿಸಿದ್ದೆ. ಮುಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಎಪ್ಪತ್ತಾರು ವರ್ಷ, ಬೆನ್ನು ಬಾಗಿದೆ, ಕಣ್ಣು ಮಾತ್ರ ಚುರುಕು. ತೊಡೆಯ ಮೇಲೆ ನೀಲಿ ಬಟ್ಟೆಯ ಗಂಟು. ಆ ಹೊದಿಕೆಯದೇ ತುಂಡು ಎಂದು ನೋಡಿದ ಕೂಡಲೇ ಗೊತ್ತಾಯಿತು. ನನ್ನನ್ನು ಕಂಡು ಪಕ್ಕದವರನ್ನು ಸರಿಸಿ, ಬೆಂಚು ತಟ್ಟಿ, ಬಾ ಪುಟ್ಟಾ ಎಂದು ಕರೆದಳು. ಅರವತ್ತೆಂಟು ವರ್ಷದ ಪುಟ್ಟನನ್ನು ನೋಡಿ ಯಾರೋ ನಕ್ಕರು. ಇವನೇ ನನ್ನ ತಮ್ಮ, 'ದ್ವೀಪ ಕೈಪಿಡಿ' ಬರೆದವನು ಎಂದು ಅವಳು ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದಳು. ಆ ತುದಿಯಲ್ಲಿ ನಿಂತಿದ್ದ ಅವಳ ಮಗಳು ನನ್ನನ್ನೇ ನೋಡುತ್ತಿದ್ದಳು, ಹೇಳಿದಿರಾ ಎಂದು ಕಣ್ಣಲ್ಲೇ ಕೇಳಿದಳು. ನಾನು ನೆಲ ನೋಡಿದೆ.

ಯಾರ ಬಳಿ ಯಾವ ದಾಖಲೆಯಿದೆ ಎಂದು ಅಧಿಕಾರಿ ಕೇಳಿದರು. ಏಳಬೇಕು, ಈಗಲೇ ಏಳಬೇಕು ಎಂದುಕೊಂಡೆ. ನಾನು ಏಳುವ ಮೊದಲೇ ಅಕ್ಕ ಎದ್ದಿದ್ದಳು. ಮೇಜಿನ ಮುಂದೆ ಹೋಗಿ ಗಂಟು ಬಿಚ್ಚಿದಳು. ನಲವತ್ತೆರಡು ವರ್ಷದ ಪುಸ್ತಕ ನಿನ್ನೆ ಅಚ್ಚಾದದ್ದರ ಹಾಗಿತ್ತು, ಒಂದು ಮೂಲೆಯೂ ಮಡಚಿರಲಿಲ್ಲ. ಯಾವ ಪುಟ ಎಂದು ಅಧಿಕಾರಿ ಕೇಳಿದಾಗ, ತನಗೆ ಓದಲು ಬರುವುದಿಲ್ಲ, ಆದರೆ ಅದರಲ್ಲಿರುವುದು ಪೂರ್ತಿ ಬರುತ್ತದೆ ಎಂದಳು. ಕೈಕಟ್ಟಿಕೊಂಡು, ಶಾಲೆಯ ಮಗುವಿನ ಹಾಗೆ ನೆಟ್ಟಗೆ ನಿಂತು ಹೇಳತೊಡಗಿದಳು.

"ಉತ್ತರ ಕೊಲ್ಲಿಯಲ್ಲಿ ಹನ್ನೊಂದು ಮನೆಗಳಿವೆ. ಇಲ್ಲಿಯವರು ದೋಣಿ ಕಟ್ಟುವುದರಲ್ಲಿ ನಿಪುಣರು. ಇಲ್ಲಿಯ ಹೆಂಗಸರು ಗಾಳಿಯ ವಾಸನೆ ಹಿಡಿದು ಮಳೆ ಯಾವಾಗ ಬರುವುದೆಂದು ಹೇಳಬಲ್ಲರು. ಆಮೆಮರಿಗಳು ದಾರಿ ತಪ್ಪಬಾರದೆಂದು ಇವರು ವರ್ಷದಲ್ಲಿ ಎರಡು ತಿಂಗಳು ದೀಪ ಹಚ್ಚುವುದಿಲ್ಲ, ಬೆಳಿಗ್ಗೆ ಒಲೆ ಹೊತ್ತಿಸುವುದಿಲ್ಲ. ಆದಕಾರಣ ದೂರದಿಂದ ನೋಡಿದವರಿಗೆ ಇಲ್ಲಿ ಹೊಗೆ ಕಾಣದು. ಹೊಗೆ ಕಾಣದಿದ್ದರೂ ಇಲ್ಲಿ ಜನರಿದ್ದಾರೆ."

ಒಂದು ಅಕ್ಷರ ಆಚೀಚೆ ಆಗಿರಲಿಲ್ಲ. ಅವಳು ಹೇಳುತ್ತಿದ್ದಷ್ಟು ಹೊತ್ತೂ ಅಧಿಕಾರಿ ಪುಟ ತಿರುವುತ್ತಿದ್ದರು. ನಲವತ್ತೊಂದಕ್ಕೆ ಬಂದು ಬೆರಳು ನಿಂತಿತು. ಅವರು ಎರಡು ಸಲ ಓದಿಕೊಂಡರು. ಅಜ್ಜಿ, ಇದರಲ್ಲಿ ಹಾಗಿಲ್ಲವಲ್ಲ ಎಂದು ಮೆಲ್ಲಗೆ ಹೇಳಿ, ಇದ್ದದ್ದನ್ನು ಓದಿದರು.

ಅಕ್ಕ ನಕ್ಕಳು. "ಅದು ಬೇರೆ ಯಾವ್ದೋ ಪುಟ ಇರ್ಬೇಕು ಮೇಡಂ," ಎಂದಳು. ನನ್ನ ಕಡೆ ತಿರುಗಿದಳು. "ಪುಟ್ಟಾ, ನಮ್ಮ ಪುಟ ತೆಗೆದುಕೊಡು ಬಾ."

ನಾನು ಎದ್ದೆ. ಮೇಜಿನ ಹತ್ತಿರ ಹೋಗಿ, ಬೇರೆ ಪುಟ ಇಲ್ಲ, ಇದನ್ನು ಬರೆದವನು ನಾನು, ಇದು ತಪ್ಪು ಎಂದೆ. ಅಧಿಕಾರಿ ಒಳ್ಳೆಯವರು. ನನ್ನ ತಲೆಗೂದಲು ನೋಡಿ ಅವರಿಗೆ ಕರುಣೆ ಬಂದಿರಬೇಕು. ಹೊಗೆ ಎಣಿಕೆಯ ವಿಷಯ ಅವರಿಗೂ ತಿಳಿದಿತ್ತು. ಹೊಗೆ ಕಾಣದ್ದರಿಂದ ಕಣ್ತಪ್ಪಿ ಆದದ್ದು ಎಂದು ಬರೆದುಕೊಳ್ಳಲೇ ಎಂದು ಕೇಳಿದರು.

ಹೂಂ ಎಂದಿದ್ದರೆ ಮುಗಿದಿತ್ತು. ಅಕ್ಕನ ಎದುರು ನನ್ನ ಮಾನ ಉಳಿಯುತ್ತಿತ್ತು. ವಯಸ್ಸಿನ ಹುಡುಗ, ಕಣ್ತಪ್ಪು, ಏನು ಮಾಡಲಾಗುತ್ತದೆ ಎನ್ನುತ್ತಿದ್ದಳು. ಆದರೆ ಕಣ್ತಪ್ಪು ಎಂದರೆ ನಾನು ಅಲ್ಲಿ ಜನರನ್ನು ಕಾಣಲಿಲ್ಲ ಎಂದಷ್ಟೇ ಆಯಿತು. ಕಾಣದವನ ಸಾಕ್ಷಿಯಿಂದ ಮೂವತ್ತನಾಲ್ಕು ಮನೆ ಉಳಿಯುವುದಿಲ್ಲ. ಕಂಡಿದ್ದೆ ಎಂದೇ ಹೇಳಬೇಕಿತ್ತು.

"ಕಣ್ತಪ್ಪಲ್ಲ ಮೇಡಂ," ಎಂದೆ. "ಗೊತ್ತಿತ್ತು. ಹನ್ನೊಂದು ಮನೆ ಇದ್ದದ್ದೂ ಗೊತ್ತಿತ್ತು, ಯಾಕೆ ಹೊಗೆ ಇಲ್ಲ ಅನ್ನೋದೂ ಗೊತ್ತಿತ್ತು. ಭಾವನ ಮೇಲಿನ ಸಿಟ್ಟಿಗೆ ಹಾಗೆ ಬರ್ದೆ. ಐದು ಸಲ ತಿದ್ದೋಕೆ ಆಗ್ತಿತ್ತು, ತಿದ್ಲಿಲ್ಲ."

ಅಧಿಕಾರಿ ಕರವಸ್ತ್ರ ಕೆಳಗಿಟ್ಟು, ಆ ಹನ್ನೊಂದು ಮನೆ ಯಾರ್ಯಾರದು ಹೇಳಬಲ್ಲಿರಾ ಎಂದರು. ಹೇಳಿದೆ. ಪಶ್ಚಿಮದ ತುದಿಯಿಂದ ಶುರುಮಾಡಿ, ಬಲೆ ಹೆಣೆಯುವ ಅಣ್ಣತಮ್ಮಂದಿರ ಎರಡು ಮನೆ, ಬಾವಿಯ ಪಕ್ಕದ ಸೂಲಗಿತ್ತಿಯ ಮನೆ, ಸುಣ್ಣ ಸುಡುವವನದು, ಕಿವುಡಜ್ಜನದು, ಹೀಗೆ ಒಂದೊಂದಾಗಿ ಎಣಿಸಿ, ಹನ್ನೊಂದನೆಯದು ದೋಣಿ ಕಟ್ಟುವ ನಮ್ಮ ಭಾವನದು ಎಂದೆ. ಬೆಂಚುಗಳಿಂದ ಒಬ್ಬೊಬ್ಬರೇ, ಅದು ನಮ್ಮ ತಾತ, ಅದು ನಮ್ಮ ದೊಡ್ಡಮ್ಮ ಎಂದು ಎದ್ದು ನಿಲ್ಲುತ್ತ ಬಂದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಸುಳ್ಳು ದಾಖಲೆ ಬರೆದದ್ದಕ್ಕೆ ನಿಮ್ಮ ಮೇಲೆ ಕ್ರಮ ಆಗಬಹುದು, ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ ಎಂದು ರುಜು ಹಾಕಿದೆ. ಬರೆದವರೇ ಒಪ್ಪಿಕೊಂಡ ಮೇಲೆ ಈ ಕೊಲ್ಲಿಯವರನ್ನು ಎಬ್ಬಿಸಲು ಕಾರಣವಿಲ್ಲ, ಹಾಗೆಂದೇ ಆದೇಶ ಬರೆಯುತ್ತೇನೆ ಎಂದು ಅವರು ಬೆಂಚುಗಳ ಕಡೆ ನೋಡಿ ಹೇಳಿದರು. ಹಿಂದೆ ಯಾರೋ ಬಿಕ್ಕಿ ಅತ್ತರು.

ಅಕ್ಕ ಮಾತ್ರ ಮೇಜಿನ ಮುಂದಿನಿಂದ ಕದಲಿರಲಿಲ್ಲ. ಕಟ್ಟಿದ ಕೈ ಹಾಗೇ ಇತ್ತು.

"ಅವತ್ತು ನೀನು ಓದಿದ್ದು?" ಎಂದಳು.

"ಅದು ಪುಸ್ತಕದಲ್ಲಿ ಇರ್ಲಿಲ್ಲ ಅಕ್ಕ. ಬರೀಬೇಕಾಗಿದ್ದನ್ನ ಬಾಯಲ್ಲಿ ಹೇಳ್ದೆ."

ಅವಳು ಮಗಳ ಕಡೆ ನೋಡಿದಳು. ಮಗಳು ತಲೆ ತಗ್ಗಿಸಿದಳು. ಅಕ್ಕನಿಗೆ ಇನ್ನೇನೂ ಕೇಳುವುದು ಉಳಿದಿರಲಿಲ್ಲ ಎಂದು ಕಾಣುತ್ತದೆ. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಅವಳು ಮೇಜಿನ ಮೇಲಿದ್ದ ನೀಲಿ ಬಟ್ಟೆಯನ್ನು ಎತ್ತಿಕೊಂಡಳು. ಕೊಡವಿದಳು. ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ಹೊರಟಳು. ಪುಸ್ತಕ ಮೇಜಿನ ಮೇಲೇ ಇತ್ತು. ನಿಮ್ಮ ಪುಸ್ತಕ ತೆಗೆದುಕೊಂಡು ಹೋಗಿ ಅಜ್ಜಿ ಎಂದು ಅಧಿಕಾರಿ ಕರೆದರು.

ಅಕ್ಕ ತಿರುಗಿ ನಿಂತಳು. ನನ್ನನ್ನು ನೋಡಲಿಲ್ಲ.

"ನನ್ನದಲ್ಲ ಮೇಡಂ," ಎಂದಳು. "ಅದರಲ್ಲಿ ನಮ್ಮ ಬಗ್ಗೆ ಏನೂ ಇಲ್ವಂತೆ."

ಮಗಳ ಹೆಗಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಕೊಲ್ಲಿಯವರೆಲ್ಲ ಅವಳ ಹಿಂದೆ ಇಳಿದರು. ಪುಸ್ತಕವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಅಧಿಕಾರಿ ಅದನ್ನು ನನ್ನ ಕೈಗೇ ಕೊಟ್ಟರು.